ಆಚೆ ದಡದ ಕಲ್ಲು

"ಆಳಿಗೊಂದು ಕಲ್ಲು ಎತ್ಕೊಳ್ಳಿ ಡಾಕ್ಟ್ರೇ," ಎಂದ ದೋಣಿಯ ಮುದುಕ. "ನಿಮಗೊಂದು, ಅಮ್ಮಾವ್ರಿಗೊಂದು, ಮಗೂಗೆ ಒಂದು ಚಿಕ್ಕದು. ಈ ದಡದ್ದೇ ಆಗ್ಬೇಕು."

ಮಾತಿಗೊಮ್ಮೆ ಕೆಮ್ಮುತ್ತಿದ್ದ ಆ ಮುದುಕನನ್ನು ದ್ವೀಪದವರು ಕೆಮ್ಮಜ್ಜ ಎಂದೇ ಕರೆಯುತ್ತಿದ್ದರು. ದ್ವೀಪದ ಚಿಕ್ಕ ಆಸ್ಪತ್ರೆಗೆ ನೇಮಕವಾಗಿ ಬಂದ ವೈದ್ಯನ ಸಾಮಾನನ್ನು ದೋಣಿಗೆ ಏರಿಸುವಷ್ಟರಲ್ಲೇ, ಹೊಸಬರು ತಿಳಿದಿರಬೇಕಾದದ್ದನ್ನೆಲ್ಲ ಅವನು ಹೇಳಿ ಮುಗಿಸಿದ್ದ. ಗಾಳಿ ತಿರುಗಿದರೆ ದೋಣಿ ಬರುವುದಿಲ್ಲ. ದಿನಸಿಯನ್ನೂ ಔಷಧಿಯನ್ನೂ ಮುಂಚೆಯೇ ತಂದಿಟ್ಟುಕೊಳ್ಳಬೇಕು. ಕರೆಂಟನ್ನು ನಂಬಿ ಕೂರಬಾರದು. ಯಾರೊಂದಿಗೂ ಜಗಳ ಕಾಯಬಾರದು, ಮುಖ ತಪ್ಪಿಸಿಕೊಂಡು ನಡೆಯಲು ಅಲ್ಲಿ ಇನ್ನೊಂದು ಬೀದಿಯೇ ಇಲ್ಲ. "ಈ ತುದೀಲಿ ನೀವು ಸೀನಿದ್ರೆ ಆ ತುದೀಲಿ ಕಷಾಯ ಕಾಯ್ಸ್ತಾರೆ, ಅಷ್ಟೇ ನಮ್ಮೂರು."

ಇದಕ್ಕೆಲ್ಲ ವೈದ್ಯ ನಗುನಗುತ್ತ ತಲೆಯಾಡಿಸಿದ್ದ. ಕಲ್ಲಿನ ಮಾತಿಗೆ ಮಾತ್ರ ಬರಿದೇ ನಕ್ಕ.

"ಕಲ್ಲು ಯಾಕಜ್ಜ? ನಿಮ್ಮಲ್ಲಿ ಕಲ್ಲಿಗೂ ಬರಗಾಲವೇ?"

"ತೂಕಕ್ಕೆ."

"ನನ್ನ ಪುಸ್ತಕದ ಪೆಟ್ಟಿಗೆ ನೋಡಿದ್ರಲ್ಲ? ಅದರ ಭಾರಕ್ಕೆ ನಿಮ್ಮ ದ್ವೀಪ ಒಂದು ಕಡೆ ವಾಲದಿದ್ರೆ ಸಾಕು."

ಮುದುಕ ನಗಲಿಲ್ಲ. ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡಿದ್ದ ಹೆಂಡತಿ ಮೆಲ್ಲಗೆ ಬಗ್ಗಿ, ನುಣುಪಾದ ಒಂದು ಕರಿಗಲ್ಲನ್ನು ಎತ್ತಿಕೊಂಡಳು.

"ಇರ್ಲಿ ಬಿಡ್ರೀ, ನಮ್ಮ ಗಂಟೇನು ಹೋಗುತ್ತೆ?"

"ಇವತ್ತು ಕಲ್ಲು ಅಂತಾರೆ, ನಾಳೆ ತಾಯತ ಅಂತಾರೆ. ಡಾಕ್ಟ್ರ ಹೆಂಡ್ತೀನೇ ಹೀಗೆ ಮಾಡಿದ್ರೆ ನನ್ನ ಹತ್ರ ಮಾತ್ರೆ ಯಾರೇ ನುಂಗ್ತಾರೆ?" ಎನ್ನುತ್ತ ಅವನು ಅವಳ ಮುಷ್ಟಿ ಬಿಡಿಸಿ, ಕಲ್ಲನ್ನು ಕಸಿದು, ಬೀಸಿ ನೀರಿಗೆಸೆದ. ಗುಳುಂ ಎಂದು ಕಡಲು ಅದನ್ನು ನುಂಗಿತು.

ಕೆಮ್ಮಜ್ಜನ ಕೆಮ್ಮು ಥಟ್ಟನೆ ನಿಂತಿತು. ದೋಣಿ ದ್ವೀಪ ಮುಟ್ಟುವವರೆಗೂ ಅವನು ಒಮ್ಮೆಯೂ ಕೆಮ್ಮಲಿಲ್ಲ.

ದ್ವೀಪದ ದೋಣಿಗಟ್ಟೆಯ ಪಕ್ಕದಲ್ಲಿ, ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ, ಒಂದು ಕಲ್ಲುಗುಡ್ಡೆ ಇತ್ತು. ಬಂದವರೆಲ್ಲ ತಂದು ಹಾಕಿದ ಕಲ್ಲುಗಳು. ನೀರು ಏರುವಾಗ ಅವು ಒಂದರ ಮೇಲೊಂದು ಉಜ್ಜಿಕೊಂಡು, ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದವು. ಆಸ್ಪತ್ರೆಯ ಹಿಂದಿನ ಮನೆಯವರೆಗೂ ಆ ಸದ್ದು ಬರುತ್ತಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೊಂದು ಜಗಲಿ. ಗೋಡೆ ಸವರಿದರೆ ಅಂಗೈಗೆ ಉಪ್ಪು. ಕಡ್ಡಿಪೆಟ್ಟಿಗೆ ಸದಾ ತೇವ. ಕೊಳೆಯುವ ಪಾಚಿಯ, ಹಸಿ ಹಗ್ಗದ, ಸೀಮೆಎಣ್ಣೆಯ ವಾಸನೆಗಳು ಬಾಗಿಲು ಮುಚ್ಚಿದರೂ ಒಳಗೆ ಬಂದು ಮನೆಯವರಂತೆ ಕೂರುತ್ತಿದ್ದವು.

ಮೊದಲು ಗಮನಿಸಿದವಳು ಹೆಂಡತಿ.

"ರೀ, ಪುಟ್ಟೀನ ಎತ್ಕೊಂಡ್ರೆ ಮೊದ್ಲೆಲ್ಲ ಸೊಂಟ ಹಿಡ್ಕೊಳ್ತಿತ್ತು. ಈಗ ಎತ್ಕೊಂಡಿದೀನಿ ಅನ್ನೋದೇ ಮರ್ತುಹೋಗುತ್ತೆ."

"ಒಳ್ಳೇದಾಯ್ತಲ್ಲ. ಕಡಲ ಗಾಳಿಗೆ ನಿನ್ನ ಸೊಂಟ ಗಟ್ಟಿಯಾಗಿದೆ."

ಆದರೂ ಮಗುವನ್ನು ಆಸ್ಪತ್ರೆಗೆ ಒಯ್ದು ತೂಗಿದ. ಊರು ಬಿಡುವಾಗ ಇದ್ದದ್ದಕ್ಕಿಂತ ಕಡಿಮೆ. ಉಪ್ಪುಗಾಳಿಗೆ ಯಂತ್ರ ಕೆಟ್ಟಿದೆ ಎಂದುಕೊಂಡ. ಮರುವಾರ ತೂಗಿದಾಗ ಇನ್ನೂ ಕಡಿಮೆ. ಅಂಗಡಿಯಿಂದ ಒಂದು ಕಿಲೋ ಸಕ್ಕರೆಯ ಪೊಟ್ಟಣ ತರಿಸಿ ತಟ್ಟೆಯ ಮೇಲಿಟ್ಟ. ಮುಳ್ಳು ಕೂದಲೆಳೆಯಷ್ಟೂ ಅತ್ತಿತ್ತ ಸರಿಯದೆ ಒಂದರ ಮೇಲೆ ನಿಂತಿತು.

ಜ್ವರವಿಲ್ಲ. ಭೇದಿಯಿಲ್ಲ. ಮಗು ಗಟಗಟನೆ ಹಾಲು ಕುಡಿಯುತ್ತಿತ್ತು. ಕೆನ್ನೆ ಉಬ್ಬಿಕೊಂಡೇ ಇತ್ತು, ಮಣಿಕಟ್ಟಿನ ಮಡಿಕೆಗಳು ಮಾಸಿರಲಿಲ್ಲ. ತಬ್ಬಿದರೆ ತೋಳ್ತುಂಬ ಮಗು. ಎತ್ತಿದರೆ ಬರಿಯ ಬಟ್ಟೆ. ಮಲಗಿಸಿದರೆ ಹಾಸಿಗೆಯಲ್ಲಿ ತಗ್ಗು ಬೀಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನದ ತೊಟ್ಟಿಯಲ್ಲಿ ಕೂರಿಸಿದಾಗ, ಪುಟ್ಟಿ ನೀರಿನ ಮೇಲೆ ಎಲೆಯಂತೆ ತೇಲಿತು, ತೇಲಿ ನಕ್ಕಿತು. ಹೊಟ್ಟೆಯಲ್ಲಿ ಗಾಳಿ ತುಂಬಿರಬೇಕು ಎಂದು ವೈದ್ಯನೂ ನಗಲು ಹೋದ. ಆಮೇಲೆ ಮೈ ಒರೆಸಿ, ಮಗುವನ್ನು ಆಸ್ಪತ್ರೆಗೆ ಒಯ್ದು ಮತ್ತೆ ತೂಗಿದ.

ಆಸ್ಪತ್ರೆಯ ಕಸ ಗುಡಿಸಿ, ಸೂಜಿ ಕುದಿಸಿ, ಎಲ್ಲರ ಹೆರಿಗೆಗೂ ಕೈಯಾಸರೆಯಾಗುತ್ತಿದ್ದ ಆಯಮ್ಮ ಬಾಗಿಲಲ್ಲಿ ನಿಂತು ಆ ಮುಳ್ಳನ್ನು ನೋಡುತ್ತಿದ್ದಳು.

"ಕಲ್ಲು ತಂದಿದ್ರಾ ಡಾಕ್ಟ್ರೇ?"

"ಇಲ್ಲ."

"ಮರ್ತ್ರಾ?"

"ನನ್ನ ಹೆಂಡ್ತಿ ಎತ್ಕೊಂಡಿದ್ಲು. ನಾನೇ ಎಸೆದೆ."

ಆಯಮ್ಮ ಒಳಗೆ ಬಂದು ಬಾಗಿಲು ಮುಚ್ಚಿದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ, ನೀರಿಗೆ ಕೇಳಿಸೀತೆಂಬ ಭಯದಲ್ಲಿ, ಹೇಳಿದಳು. ಬಹಳ ಹಿಂದೆ ಕಡಲು ಈ ನೆಲವನ್ನು ತಿನ್ನುತ್ತಿತ್ತು. ಊರವರು ಒಬ್ಬ ಮಾಟಗಾರನನ್ನು ಕರೆಸಿ ಕಡಲನ್ನು ಕಟ್ಟಿಸಿದರು. ಕಡಲನ್ನೇ ಕಟ್ಟಬಲ್ಲವನು ನಾಳೆ ನಮ್ಮನ್ನು ಕಟ್ಟಲಾರನೇ ಎಂಬ ಹೆದರಿಕೆ ಆಮೇಲೆ ಹುಟ್ಟಿತು. ಅವನ ಸೊಂಟಕ್ಕೆ ಬಂಡೆ ಬಿಗಿದು ದೋಣಿಗಟ್ಟೆಯ ಪಕ್ಕದಲ್ಲೇ ಮುಳುಗಿಸಿದರು. ಮುಳುಗುವಾಗ ಅವನು ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಈ ಭಾರ ನನಗೊಬ್ಬನಿಗೇ ಬೇಡ, ಇನ್ನು ಇಲ್ಲಿಗೆ ಬರುವವರೆಲ್ಲ ಹೊತ್ತು ತರಲಿ, ಬರಿಗೈಯಲ್ಲಿ ಬಂದವರ ಭಾರ ನನ್ನದು, ಎಂದ.

"ಬಂದವರಲ್ಲಿ ಎಲ್ಲಕ್ಕಿಂತ ಎಳೇದನ್ನ ಆ ಶಾಪ ಮೊದ್ಲು ಹಿಡಿಯುತ್ತೆ ಡಾಕ್ಟ್ರೇ."

"ಸಾಕು ಸುಮ್ನಿರಿ ಆಯಮ್ಮ!" ಎಂದು ರೇಗಿದ ವೈದ್ಯ. ಮಗುವನ್ನು ಆಚೆ ದಡದ ದೊಡ್ಡಾಸ್ಪತ್ರೆಗೆ ಒಯ್ಯುವುದೆಂದು ಅಂದೇ ಗಂಟು ಕಟ್ಟಿದ. ಅಂದೇ ಗಾಳಿ ತಿರುಗಿತು. ದೋಣಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ನಡುಹಗಲಲ್ಲೇ ಮಂಜು ಇಳಿದು, ದೋಣಿಗಟ್ಟೆ, ಬೀದಿ, ಜಗಲಿಯ ಕಂಬ ಒಂದೊಂದಾಗಿ ಅಳಿಸಿಹೋದವು. ಕಲ್ಲುಗಳ ಸದ್ದು ಮಾತ್ರ ಉಳಿಯಿತು. ಕರಕರ. ಕರಕರ.

ಆ ಸಂಜೆ ಹೆಂಡತಿ ಚೀರಿದಳು.

ವೈದ್ಯ ಕೋಣೆಗೆ ಓಡಿದ. ಹಾಸಿಗೆಯ ಮೇಲೆ ಮಗುವಿಲ್ಲ. ಹೊದಿಕೆ ಇದೆ, ಗಿಲಕಿ ಇದೆ, ಹಾಲಿನ ವಾಸನೆ ಇದೆ. ಹೆಂಡತಿಯ ಬೆರಳು ಮೇಲಕ್ಕೆ ತೋರುತ್ತಿತ್ತು. ಸೊಳ್ಳೆಪರದೆಯ ಚಾವಣಿ ಉಬ್ಬಿತ್ತು. ಅದಕ್ಕೆ ಬೆನ್ನು ಒತ್ತಿಕೊಂಡು, ಕೈಕಾಲು ಇಳಿಬಿಟ್ಟುಕೊಂಡು, ಪುಟ್ಟಿ ನಿದ್ದೆ ಮಾಡುತ್ತಿತ್ತು.

ಚೀರಾಟ ಕೇಳಿ ಬಂದ ಆಯಮ್ಮ ಪರದೆಯತ್ತ ಒಮ್ಮೆ ನೋಡಿದಳು.

"ಇನ್ನು ಬಿಟ್ರೆ ಮಗು ಸಿಗಲ್ಲ. ಈಗ ಕಲ್ಲು ತಂದ್ರೂ ನಡೆಯಲ್ಲ, ಉಳಿದಿರೋದು ಒಂದೇ ದಾರಿ. ಹೆತ್ತೋರಲ್ಲಿ ಒಬ್ರು ಗುಡ್ಡೆ ಹತ್ರ ನೀರಿಗಿಳಿದು ತಮ್ಮ ಭಾರ ಕೊಟ್ಟು ಬಿಡಿಸ್ಕೋಬೇಕು. ಒಬ್ರು ಕೊಟ್ರೆ ಉಳಿದೋರನ್ನ ಮುಟ್ಟಲ್ಲ."

"ನಾನು ಕೊಡ್ತೀನಿ," ಎಂದಳು ಹೆಂಡತಿ.

"ನೀನಲ್ಲ," ಎಂದ ವೈದ್ಯ. ಪರದೆಯೊಳಗೆ ಕೈ ಚಾಚಿ ಮಗುವನ್ನು ಕೆಳಗೆ ಎಳೆದುಕೊಂಡ. "ಎಸೆದವನು ನಾನು."

ಶಾಲಿನಲ್ಲಿ ಮಗುವನ್ನು ಎದೆಗೆ ಬಿಗಿದುಕೊಂಡು ಓಡಿದ. ಮಂಜು ಬಾಯಿಗೆ ನುಗ್ಗಿತು. ಕಾಲಡಿ ಮರಳು, ಆಮೇಲೆ ಪಾಚಿ, ಆಮೇಲೆ ನೀರು. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಕಲ್ಲುಗಳು ಸುತ್ತಲೂ ಹಲ್ಲು ಕಡಿಯುತ್ತಿದ್ದವು. ಗಾಳಿಯಿಲ್ಲ. ಆದರೂ ಶಾಲು ಮೇಲಕ್ಕೆ ಜಗ್ಗುತ್ತಿತ್ತು. ಒಂದು ಗಂಟು ಸಡಿಲಿತು. ಮಗು ಎಚ್ಚೆತ್ತಿತು. ಅಳಲಿಲ್ಲ. ಅವನ ಬೆರಳು ಹಿಡಿಯಿತು. ಬೆರಳು ಜಾರುತ್ತಿತ್ತು.

"ಅವಳ ಭಾರ ಬಿಡು," ಎಂದು ಅರಚಿದ. "ನನ್ನದು ತಗೋ!"

ಕಲ್ಲುಗಳು ಸುಮ್ಮನಾದವು.

ಲೋಕವೇ ಕಿವಿಗೊಟ್ಟು ನಿಂತಂತಿತ್ತು. ಆಗ ನೀರಿನಡಿ ಯಾವುದೋ ಕೈ ಅವನ ಪಾದದ ಕೆಳಗೆ ಬಂತು. ತಣ್ಣಗಿತ್ತು. ಅವಸರವಿರಲಿಲ್ಲ. ಅಂಗಡಿಯವನು ತೂಕದ ಕಲ್ಲನ್ನು ಅಂಗೈಯಲ್ಲಿ ಎತ್ತಿ ನೋಡುವಂತೆ, ಅದು ಅವನನ್ನು ಒಮ್ಮೆ ಎತ್ತಿ ನೋಡಿತು.

ಒಪ್ಪಿಕೊಂಡಿತು.

ತೋಳುಗಳಲ್ಲಿ ಪುಟ್ಟಿ ಧೊಪ್ಪನೆ ಭಾರವಾಯಿತು. ಬಿಟ್ಟುಹೋದ ಭಾರವೆಲ್ಲ ಒಮ್ಮೆಗೇ ಮರಳಿತು. ಮಗು ಗಟ್ಟಿಯಾಗಿ, ಆರೋಗ್ಯವಾಗಿ, ಹಸಿದ ಮಕ್ಕಳೆಲ್ಲ ಅಳುವಂತೆ ಅತ್ತಿತು. ಹಿಂದೆಯೇ ಓಡಿ ಬಂದಿದ್ದ ಹೆಂಡತಿ ಅದನ್ನು ಎಳೆದುಕೊಂಡಳು, ಆಯಮ್ಮ ಅವನ ತೋಳು ಹಿಡಿದು ದಡಕ್ಕೆ ಎಳೆದಳು. ಒದ್ದೆ ಮರಳಿನ ಮೇಲೆ ಇಬ್ಬರು ಹೆಂಗಸರ ಹೆಜ್ಜೆ ಆಳವಾಗಿ ಮೂಡಿದ್ದವು. ಅವನು ನಡೆದಲ್ಲಿ ಮರಳು ಕೊಂಚ ಕದಡಿತ್ತು, ಅಷ್ಟೇ.

ಅಂದಿನಿಂದ ಮಗಳು ಬೆಳೆದಳು, ಅವನು ಹಗುರವಾದ. ಆಚೆ ದಡಕ್ಕೆ ಹೋಗುವಂತಿರಲಿಲ್ಲ. ಕೊಟ್ಟ ಭಾರದಿಂದ ದೂರವಾದಷ್ಟೂ ಉಳಿದದ್ದು ಬೇಗ ಕರಗುತ್ತದೆ ಎಂದಿದ್ದಳು ಆಯಮ್ಮ. ಹೆಂಡತಿ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ಅವನ ಅಂಗಿಯ ಅಂಚಿಗೆ ಹೊಲಿದಳು. ರೋಗಿಗಳು ದೂರಲಿಲ್ಲ. ನಿಮ್ಮ ಕೈ ಹೂವಿನಂಗಿದೆ ಡಾಕ್ಟ್ರೇ, ನಾಡಿ ಹಿಡಿದದ್ದೇ ಗೊತ್ತಾಗಲ್ಲ, ಎಂದು ತಮಾಷೆ ಮಾಡಿ, ಅವನ ಪಾದಗಳನ್ನು ಮಾತ್ರ ನೋಡದೆ ಹೋಗುತ್ತಿದ್ದರು. ಆದರೆ ಮಗಳನ್ನು ಎತ್ತಿಕೊಳ್ಳಲು ಅವನಿಗಾಗಲಿಲ್ಲ. ಅವಳ ಕಂಕುಳಿಗೆ ಕೈ ಹಾಕಿ ಎತ್ತಹೋದರೆ ಮೇಲೇಳುತ್ತಿದ್ದದ್ದು ಅವನೇ. ತಂದೆಯಾದವನು ಸಾಮಾನ್ಯವಾಗಿ ನೆನಪಿಡದ ಒಂದು ಸುಖ, ತೋಳಿನಲ್ಲಿ ನಿದ್ದೆಹೋದ ಮಗುವಿನ ಆ ಜೋಮು ಹಿಡಿಸುವ ಭಾರ, ಅದೊಂದೇ ಅವನ ಕನಸುಗಳಿಗೆಲ್ಲ ಬರುತ್ತಿತ್ತು.

ಪುಟ್ಟಿ ನಡೆಯಲು, ಮಾತಾಡಲು ಕಲಿಯುವ ಹೊತ್ತಿಗೆ ಸೀಸವೂ ಸಾಲದಾಯಿತು. ಅವನ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದರು.

ಒಂದು ಬೆಳಿಗ್ಗೆ ಕಡಲು ಕನ್ನಡಿಯಂತಿತ್ತು.

"ಇವತ್ತು ಎಲೆನೂ ಅಲ್ಲಾಡ್ತಿಲ್ಲ ನೋಡೇ," ಎಂದ ವೈದ್ಯ. "ಕಂಬದಿಂದ ಹಗ್ಗ ಬಿಚ್ಚಿ ಪುಟ್ಟಿ ಕೈಗೆ ಕೊಡು. ಅಂಗಳದಲ್ಲಿ ಒಂದು ಸುತ್ತು."

"ನಿಮಗೇನು ಹುಚ್ಚಾ?"

"ನನಗಂತೂ ಎತ್ಕೊಳ್ಳೋಕಾಗಲ್ಲ. ಅವಳಾದ್ರೂ ನನ್ನ ಹಿಡ್ಕೊಳ್ಲಿ."

ಹೆಂಡತಿ ಅವನ ಅಂಗಿಯ ಅಂಚಿನ ಸೀಸದ ಗುಂಡುಗಳನ್ನು ಮುಟ್ಟಿ ನೋಡಿದಳು. ಆಮೇಲೆ ಹಗ್ಗ ಬಿಚ್ಚಿ, ನಡುವೆ ತನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು, ತುದಿಯನ್ನು ಮಗಳ ಮುಷ್ಟಿಗಿಟ್ಟಳು. ಪುಟ್ಟಿ ಗಂಭೀರವಾಗಿ ಮುಂದೆ ನಡೆದಳು. "ಬಾ ಅಪ್ಪ. ಬೀಳ್ಬೇಡ." ಅವನು ಗಟ್ಟಿಯಾಗಿ ನಕ್ಕ. ಈ ದ್ವೀಪಕ್ಕೆ ಬಂದಮೇಲೆ ಅವನು ಹಾಗೆ ನಕ್ಕಿರಲಿಲ್ಲ.

ಅಡುಗೆಮನೆಯಲ್ಲಿ ಹಾಲು ಉಕ್ಕಿ ಚುಯ್ ಎಂದಿತು. ಸೀದ ವಾಸನೆಯ ಹಿಂದೆಯೇ ಗ್ಯಾಸಿನ ವಾಸನೆ ಬಂತು.

"ಒಲೆ ಆರಿತು ರೀ!"

"ಓಡು. ನಾವಿಲ್ಲೇ ಇರ್ತೀವಿ, ಎಲ್ಲಿಗೆ ಹೋಗ್ತೀವಿ?"

ಅವಳು ತಡವರಿಸಿದಳು. ವಾಸನೆ ದಟ್ಟವಾಯಿತು. ಮಣಿಕಟ್ಟಿನ ಸುತ್ತು ಬಿಚ್ಚಿದಳು. "ಗಟ್ಟಿಯಾಗಿ ಹಿಡ್ಕೋ ಪುಟ್ಟಿ," ಎಂದು ಒಳಗೆ ಓಡಿದಳು.

ಪುಟ್ಟಿ ಗಟ್ಟಿಯಾಗಿಯೇ ಹಿಡಿದಿದ್ದಳು. ಗೆಣ್ಣುಗಳು ಬೆಳ್ಳಗಾಗಿದ್ದವು. ಆಗ ಕಡಲ ಕಡೆಯಿಂದ ಬಿಳಿಯ ಹಕ್ಕಿಗಳ ಹಿಂಡೊಂದು ಅಂಗಳದ ಮೇಲೆ ಬಂತು. ನೂರಾರು ರೆಕ್ಕೆ. ನೂರಾರು ಕೂಗು. ಪುಟ್ಟಿ ತಲೆಯೆತ್ತಿದಳು. ಬಾಯಿ ತೆರೆದಳು. ಅವಳ ಕಣ್ಣು ಅರಳುವುದನ್ನು ವೈದ್ಯ ನೋಡಿದ.

"ಪುಟ್ಟಿ," ಎಂದ, ಮೆಲ್ಲಗೆ. "ಹಗ್ಗ."

ಅವಳು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದಳು.

ಹೆಂಡತಿ ಗ್ಯಾಸ್ ನಿಲ್ಲಿಸಿ, ಕೈಬಟ್ಟೆ ಹಿಡಿದುಕೊಂಡೇ ಹೊರಗೆ ಬಂದಾಗ, ಮಗಳು ಅಂಗಳದ ನಡುವೆ ಒಬ್ಬಳೇ ನಿಂತು, ಕುತ್ತಿಗೆ ಹಿಂದಕ್ಕೆ ಬಾಗಿಸಿ, ಸಂತೋಷದಿಂದ ಕೂಗುತ್ತಿದ್ದಳು: "ಇನ್ನೂ ಮೇಲೆ, ಅಪ್ಪ! ಇನ್ನೂ ಮೇಲೆ!"