ನಲವತ್ತೊಂದು ಸಲ ತಿರುಗಿದ ಕಣ್ಣು

"ಇದನ್ನ ಬರೆದಿದ್ದು ನೀವೇ ತಾನೆ?"

ಅವಳು ವರದಿ ಎಸೆದ ರಭಸಕ್ಕೆ ಟೆಸ್ಟ್ ಡ್ರೈವರ್‌ನ ಟೀ ಲೋಟ ಉರುಳಿತು. ಮೆಕ್ಯಾನಿಕ್‌ಗಳು ಮೆಲ್ಲಗೆ ಜಾಗ ಖಾಲಿ ಮಾಡಿದರು. ಕಾರಿನ ಡಿಜಿಟಲ್ ಪರದೆಗಳನ್ನು ವಿನ್ಯಾಸ ಮಾಡುವ ಈ ಹುಡುಗಿಗೆ ಕಂಪನಿಯವರು ಪಟಾಕಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ!

"ಹೌದು, ನಾನೇ..."

"'ಸ್ಟೀರಿಂಗ್ ಹಿಂದಿನ ಪರದೆಯಲ್ಲಿ ಮ್ಯಾಪ್ ಬೇಕಿಲ್ಲ. ಚಾಲಕ ಹೇಗೂ ನಡುವಿನ ಪರದೆಯನ್ನೇ ನೋಡುತ್ತಾನೆ.' ಮೂರು ವರ್ಷದ ಕೆಲಸ ರೀ! ಎರಡು ಸಾಲಲ್ಲಿ ಕಲ್ಲು ಹಾಕಿದ್ರಲ್ಲ!"

"ಕ್ಯಾಮೆರಾ ತೋರಿಸಿದ್ದನ್ನೇ ಬರೆದೆ."

ಚಾಲಕನ ಕಣ್ಣು ಯಾವ ಕಡೆ ಹೋಗುತ್ತದೆಂದು ಎಣಿಸುವ ಪುಟ್ಟ ಕ್ಯಾಮೆರಾ ಅದು. ಒಂದು ಗಂಟೆಯ ಟೆಸ್ಟ್ ಡ್ರೈವ್‌ನಲ್ಲಿ ಅವನ ಕಣ್ಣು ನಡುವಿನ ಪರದೆಯತ್ತ ನಲವತ್ತೊಂದು ಸಲ ತಿರುಗಿತ್ತು. ಎದುರಿಗಿದ್ದ ಅವಳ ಮ್ಯಾಪಿನತ್ತ ಬರೀ ಆರು ಸಲ!

"ನಮ್ಮಪ್ಪ ಟ್ಯಾಕ್ಸಿ ಓಡಿಸ್ತಿದ್ರು," ಅವಳ ದನಿ ನಡುಗಿತು. "ಪಕ್ಕದಲ್ಲಿದ್ದ ಮ್ಯಾಪ್ ನೋಡೋಕೆ ಒಂದೇ ಒಂದು ಸಲ ಕತ್ತು ತಿರುಗಿಸಿದ್ರು. ಇವತ್ತಿಗೂ ಕೋಲು ಹಿಡ್ಕೊಂಡೇ ನಡೀತಾರೆ. ಯಾರೂ ಕತ್ತು ತಿರುಗಿಸೋದು ಬೇಡ, ದಾರಿ ಕಣ್ಣೆದುರೇ ಇರಲಿ ಅಂತ..."

ಅವನ ಮುಖ ಬಿಳಿಚಿಕೊಂಡಿತು.

"ನಾನು... ಆ ಪರದೆ ನೋಡ್ತಿರ್ಲಿಲ್ಲ."

"ಮತ್ತೇನು, ಆಕಾಶ ನೋಡ್ತಿದ್ರಾ?"

"ಪರದೆಯ ಆಚೆ ಸೀಟಲ್ಲಿ... ನೀವು ಕೂತಿದ್ರಿ. ಕ್ಯಾಮೆರಾಗೆ ದಿಕ್ಕಷ್ಟೇ ಗೊತ್ತು."

ಅವಳ ಎದೆ ಧಸಕ್ಕೆಂದಿತು. ಮರುಕ್ಷಣ ಸಿಟ್ಟು ನೆತ್ತಿಗೇರಿತು.

"ನಲವತ್ತೊಂದು ಸಲ! ರಸ್ತೆ ಬಿಟ್ಟು? ನನ್ನನ್ನ ನೋಡ್ಕೊಂಡೇ ಲಾರಿ ಅಡಿಗೆ ತಳ್ತಿದ್ರಾ? ಗೊತ್ತಿದ್ದೂ ಸುಳ್ಳು ವರದಿ ಬರೆದ್ರಾ?"

"ಹೇಳೋಕೆ ಧೈರ್ಯ ಬರ್ಲಿಲ್ಲ."

"ನಿಮ್ಮ ಮಾನ ಉಳಿಸ್ಕೊಳ್ಳೋಕೆ ನನ್ನ ಕೆಲಸ ಬಲಿ ಕೊಟ್ರಿ!"

'ಎಂಥ ಹೇಡಿ... ಇವನನ್ನ ಒಳ್ಳೆಯವನು ಅಂದುಕೊಂಡಿದ್ದೆನಲ್ಲ!' ಧಡಾರನೆ ಬಾಗಿಲು ಹಾಕಿಕೊಂಡು ಹೊರಟುಹೋದಳು.

ಒಂದು ಗಂಟೆಯ ನಂತರ ಮೀಟಿಂಗ್. ಮುಖ್ಯ ಎಂಜಿನಿಯರ್ ಮೇಡಂ ಮ್ಯಾಪ್ ಕೈಬಿಡುವ ಹಾಳೆಗೆ ಸಹಿ ಹಾಕಲು ಪೆನ್ನು ತೆಗೆದರು.

"ಮೇಡಂ, ನನ್ನ ವರದಿ ಸುಳ್ಳು!"

ಅವನು ಎದ್ದು ನಿಂತಿದ್ದ. ಇಪ್ಪತ್ತು ಜನರ ಮುಂದೆ, ತಾನು ಪರದೆಯನ್ನಲ್ಲ, ಅವಳನ್ನು ನೋಡುತ್ತಿದ್ದೆ ಎಂದು ಒಪ್ಪಿಕೊಂಡ. ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು.

"ರಸ್ತೆ ನೋಡದ ಡ್ರೈವರ್ ನನಗೆ ಬೇಡ," ಎಂದರು ಮೇಡಂ. "ಕಾರಿನ ಕೀ ಇಲ್ಲಿಡಿ, ಹೊರಡಿ. ಬೇರೆಯವರ ಕೈಲಿ ಮತ್ತೆ ಟೆಸ್ಟ್ ಮಾಡ್ಸೋಣ. ಮ್ಯಾಪ್ ಬೇಕೋ ಬೇಡ್ವೋ, ಆಮೇಲೆ ನೋಡೋಣ."

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಓಡಿಬಂದು ಅಡ್ಡ ನಿಂತಳು.

"ಎಲ್ಲರೆದುರಿಗೂ ಹೇಳೋಕೆ ಯಾರು ಹೇಳಿದ್ರು? ನಾನೀಗ ಮುಖ ಎಲ್ಲಿಟ್ಕೊಳ್ಳಲಿ?"

"ಹೇಳದಿದ್ರೆ ನಿಮ್ಮ ಮ್ಯಾಪ್ ಹೋಗ್ತಿತ್ತು."

"ಈಗ ನಿಮ್ಮ ಕೆಲಸ ಹೋಯ್ತಲ್ಲ!"

"ತಪ್ಪು ನಂದು. ನಿಮ್ಮಪ್ಪನ ವಿಷಯ ಕೇಳಿದ ಮೇಲೆ ಸುಮ್ನಿರೋಕೆ ಆಗ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಅದನ್ನೂ ಸಿಟ್ಟಿನಿಂದಲೇ ಒರೆಸಿಕೊಂಡಳು.

"ನನಗಿನ್ನೂ ಕೋಪ ಹೋಗಿಲ್ಲ."

"ಗೊತ್ತು..." ಅವನು ತಲೆ ತಗ್ಗಿಸಿ ನಿಂತ.

"ಸ್ಟೀರಿಂಗ್ ಹಿಡಿದಾಗ ಕಣ್ಣು ಆಚೀಚೆ ಹೋಗಕೂಡದು."

"ಇನ್ನು ಹೋಗಲ್ಲ."

"ಈಗ ಕೈಯಲ್ಲಿ ಸ್ಟೀರಿಂಗ್ ಇಲ್ವಲ್ಲ... ನೆಲ ಏನು ನೋಡ್ತೀರಾ? ಇಲ್ಲಿ ನೋಡಿ!" ಎಂದು ಗದರಿದಳು.