ಹೆಸರಿಲ್ಲದ ರಕ್ತ

ಪಿಸ್ತೂಲಿನ ನಳಿಗೆ ನನ್ನ ಕಿವಿಗೆ ತಾಗಿತ್ತು.

ತಣ್ಣಗಿತ್ತು. ತೊಡೆಯ ಮೇಲಿದ್ದ ಪೆಟ್ಟಿಗೆ ಅದಕ್ಕಿಂತ ತಣ್ಣಗಿತ್ತು.

"ಪೆಟ್ಟಿಗೆ ಕೊಟ್ಟು ಸುಮ್ನೆ ಮನೆಗೆ ಹೋಗು," ಎಂದ ಔಷಧ ಕಂಪನಿಯ ಕಾವಲುಗಾರ, ಕಾರಿನ ಕಿಟಕಿಯೊಳಗೆ ಕೈ ತೂರಿಸಿ.

ಸ್ಟೀರಿಂಗ್ ಹಿಡಿದಿದ್ದವಳು ವಿಶ್ವವಿದ್ಯಾಲಯದ ಸಂಶೋಧಕಿ. ನನಗೆ ಈ ಕೆಲಸ ಒಪ್ಪಿಸಿದವಳು. ಪೆಟ್ಟಿಗೆಯ ಡ್ರೈ ಐಸ್ ನಡುವೆ ಇದ್ದದ್ದು ರೋಗಿಗಳ ರಕ್ತದ ಟ್ಯೂಬುಗಳು. ವಿಶ್ವವಿದ್ಯಾಲಯವೂ ಕಂಪನಿಯೂ ಕೂಡಿ ತಲೆನೋವಿನ ಹೊಸ ಮಾತ್ರೆಯನ್ನು ಪರೀಕ್ಷಿಸಿದ್ದವು. ಅರ್ಧ ಜನಕ್ಕೆ ಮದ್ದು, ಉಳಿದವರಿಗೆ ಬರೀ ಸಕ್ಕರೆ ಗುಳಿಗೆ. ಕೆಲವರ ಲಿವರ್ ಕೆಟ್ಟಿತು. ಒಬ್ಬ ಬಸ್ ಡ್ರೈವರ್ ಸತ್ತ. ಕೊಂದದ್ದು ಮದ್ದೇ ಎಂದಳು ಸಂಶೋಧಕಿ. ಕಾಕತಾಳೀಯ ಎಂದಿತು ಕಂಪನಿ. ಪರೀಕ್ಷೆ ಮುಗಿದೊಡನೆ ಸುಡಬೇಕೆಂಬ ಒಪ್ಪಂದ ತೋರಿಸಿ ರಕ್ತವನ್ನು ಅಂದೇ ಸುಟ್ಟುಹಾಕಲು ಹೊರಟಿತು.

ಅದನ್ನು ಬೇರೆ ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ.

ಗಾಜು ಏರಿಸುವ ಗುಂಡಿ ಒತ್ತಿದೆ. ಅವನ ಮಣಿಕಟ್ಟು ಸಿಕ್ಕಿಕೊಂಡಿತು. ಪಿಸ್ತೂಲು ನನ್ನ ಕಾಲ ಬಳಿ ಬಿತ್ತು. ಗಾಜು ಇಳಿಸಿ ಕೈಯನ್ನು ಹೊರಕ್ಕೆ ತಳ್ಳಿದೆ.

"ಓಡಿಸಿ, ಮೇಡಂ."

ಓಡಿಸಿದಳು... ಇಂಡಿಕೇಟರ್ ಹಾಕಿ!

"ಎತ್ತ ಹೋಗ್ತೀವಿ ಅಂತ ಅವ್ರಿಗೆ ಹೇಳ್ಬೇಕಾ?"

"ಸಾರಿ. ಅಭ್ಯಾಸ."

ಕಂಪನಿಯ ವ್ಯಾನು ಬೆನ್ನಟ್ಟಿತು. ತರಕಾರಿ ಮಾರುಕಟ್ಟೆಯ ಓಣಿ... ಗೋದಾಮುಗಳ ಹಿಂದಿನ ಕಚ್ಚಾ ರಸ್ತೆ... ರೈಲ್ವೆ ಗೇಟು. ಅದು ಇಳಿಯುವ ಮೊದಲೇ ನುಸುಳಿದೆವು. ವ್ಯಾನು ಆಚೆ ಉಳಿಯಿತು.

ಲ್ಯಾಬಿನಲ್ಲಿ ಅವಳ ಹಳೆಯ ಪ್ರೊಫೆಸರ್ ಮುಚ್ಚಳ ತೆರೆದರು. ಒಂದು ಟ್ಯೂಬನ್ನು ಬೆಳಕಿಗೆ ಹಿಡಿದರು. ಬರೀ ನಂಬರು.

"ಮದ್ದು ತಿಂದೋರು ಯಾರು, ಸಕ್ಕರೆ ತಿಂದೋರು ಯಾರು, ಮಗಳೇ?"

ಅವಳ ಮುಖ ಬಿಳಿಚಿತು.

"ಅದು ನಮ್ಗೆ ಗೊತ್ತಿರ್ಬಾರ್ದು, ಸರ್. ಆ ಪಟ್ಟಿ ಕಂಪನಿ ಹತ್ರ ಮಾತ್ರ ಇದೆ. ಪಕ್ಷಪಾತ ಆಗ್ಬಾರ್ದು ಅಂತ... ನಾನೇ ಹಟ ಹಿಡಿದು ಹಾಗೆ ಮಾಡ್ಸಿದ್ದು."

ರಕ್ತದಲ್ಲೇ ಮದ್ದು ಸಿಗುವುದಿಲ್ಲವೇ ಎಂದು ಕೇಳಿದೆ. ಅದು ಬೇಗನೆ ಕರಗಿಹೋಗುತ್ತದೆ, ಉಳಿಯುವುದು ಲಿವರ್ ಕೆಟ್ಟ ಗುರುತು ಮಾತ್ರ ಎಂದರು ಪ್ರೊಫೆಸರ್.

ಅವಳ ಫೋನು ಬಡಿದುಕೊಂಡಿತು. ಕಂಪನಿಯ ವಕೀಲ. ಸ್ಪೀಕರ್ ಹಾಕಿದಳು.

"ಪೆಟ್ಟಿಗೆ ನೀವೇ ಇಟ್ಕೊಳ್ಳಿ, ಮೇಡಂ. ಪಿಸ್ತೂಲು ತೋರ್ಸಿದೋನು ಸೆಕ್ಯೂರಿಟಿಯವ್ನು. ಪಾಪ, ಅವ್ನಿಗೆ ಸೈನ್ಸ್ ಗೊತ್ತಿಲ್ಲ."

"ಆ ಡ್ರೈವರ್‌ಗೆ ಏನು ಕೊಟ್ರಿ? ಅಷ್ಟು ಹೇಳಿ ಸಾಕು."

"ಹೇಳ್ತಿದ್ದೆ. ಪಕ್ಷಪಾತ ಆಗ್ಬಿಡುತ್ತಲ್ಲ?"

ಮಾತ್ರೆ ಮುಂದಿನ ವಾರವೇ ಅಂಗಡಿಗಳಿಗೆ ಬಂತು. ಟ್ಯೂಬುಗಳು ಇನ್ನೂ ಫ್ರೀಜರಿನಲ್ಲಿವೆ, ನಂಬರಿನ ಕ್ರಮದಲ್ಲೇ.

ನನಗೂ ಆವತ್ತಿನಿಂದ ವಿಪರೀತ ತಲೆನೋವು... ಸಹಿಸಿಕೊಂಡಿದ್ದೇನೆ.