ಹತ್ತನೇ ವರ್ಷದ ಪದಕ

"ಮುಂದಿನ ವರ್ಷಕ್ಕೆ ಏಳನೇ ನಂಬರ್ ರೂಮು ನನಗೆ ಬೇಡ."

ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೆನಿಂಗ್ ಹೇಳಿದ. ಬುರ್ಗಿ ಬಗ್ಗಿಸುತ್ತಿದ್ದ ಕಾಫಿ ಕಪ್ಪು ತುಂಬಿ, ಸಾಸರು ತುಂಬಿ, ಮೇಜಿನ ಬಟ್ಟೆಗೆ ಹರಿಯಿತು.

ಹತ್ತು ಆಗಸ್ಟುಗಳು! ದೂರದ ಬ್ರೆಮೆನ್‌ನಿಂದ ಬೆಟ್ಟಗಳ ನಾಡಾದ ಟಿರೋಲಿನ ಈ ಕಣಿವೆಗೆ ಬಂದು, ಅವಳಮ್ಮನ ಗೆಸ್ಟ್‌ಹೌಸಿನ ಅದೇ ರೂಮಿನಲ್ಲಿ ಇಳಿದುಕೊಳ್ಳುವ ಬಡಗಿ ಅವನು. ಹೊರಡುವಾಗ "ಮುಂದಿನ ವರ್ಷಕ್ಕೂ ಬರೆದುಕೊಳ್ಳಿ" ಎಂದು ಅವಳ ಕಣ್ಣನ್ನೇ ನೋಡುತ್ತಿದ್ದ. ಆ ನೋಟವನ್ನು ಅವಳು ಹಣ್ಣಿನ ಜಾಮಿನಂತೆ ಮುಚ್ಚಿಟ್ಟು, ಹಿಮ ಸುರಿಯುವ ತಿಂಗಳುಗಳಲ್ಲಿ ಬೆರಳ ತುದಿಯಷ್ಟೇ ಸವಿಯುತ್ತಿದ್ದಳು.

"ಯಾಕೆ, ಹಾಸಿಗೆ ಚುಚ್ತಾ?"

"ಹಾಸಿಗೆದೇನೂ ತಪ್ಪಿಲ್ಲ. ಪದಕ ಹಿಡ್ಕೊಂಡು ಊರ ಅಧ್ಯಕ್ಷರು ಬರ್ಲಿ, ಹೇಳ್ತೀನಿ."

"ನನ್ ಹತ್ರ ಹೇಳೋಕೂ ಅಧ್ಯಕ್ಷರು ಬೇಕಾ?"

ಅವನ ತುಟಿಯಂಚಿನಲ್ಲಿ ನಗು ಮಿಂಚಿತು. "ನಾನು ಕಾಫಿ ಕುಡಿಯೋದು ಕಪ್ಪಲ್ಲಿ, ಬುರ್ಗಿ. ಮೇಜಿಂದಲ್ಲ."

ಅವಳು ಅಡುಗೆಮನೆಗೆ ಓಡಿದಳು. ಅತಿಥಿಗಳಿಗೆ ಹಜಾರದಲ್ಲಿ ತಿಂಡಿ, ಮನೆಯವರಿಗೆ ಇಲ್ಲಿ, ಒಲೆಯ ಪಕ್ಕದ ಮೂಲೆ ಮೇಜಿನಲ್ಲಿ. ಅಜ್ಜಿ ಎಳೆದ ಆ ಗೆರೆಯನ್ನು ಯಾವ ಅತಿಥಿಯೂ ದಾಟಿರಲಿಲ್ಲ.

"ಅಮ್ಮಾ, ಅವನಿಗೆ ಯಾರೋ ಸಿಕ್ಕಿದಾಳೆ."

"ಮೊದಲು ಕಣ್ಣೊರೆಸ್ಕೋ," ಎಂದಳು ತಾಯಿ ರೋಸೀನಾ. "ಅಧ್ಯಕ್ಷರು ಬಂದ್ರು."

ಹತ್ತು ವರ್ಷ ತಪ್ಪದೆ ಬಂದ ಅತಿಥಿಗೆ ಊರಿನ ಅಧ್ಯಕ್ಷರೇ ಬೆಳ್ಳಿ ಪದಕ ಚುಚ್ಚುವುದು ಇಲ್ಲಿನ ಪದ್ಧತಿ. ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು, ಅವರು ಪದಕವನ್ನು ಹೆನಿಂಗ್‌ನ ಕೋಟಿನತ್ತ ತಂದರು. ಹೆನಿಂಗ್ ಒಂದು ಹೆಜ್ಜೆ ಹಿಂದೆ ಸರಿದ.

"ಕ್ಷಮಿಸಿ. ಇದು ನನಗೆ ಬೇಡ."

ಅಧ್ಯಕ್ಷರ ಕೈ ಗಾಳಿಯಲ್ಲೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಹೀಗೆಂದವರಿಲ್ಲ.

"ನನ್ ಅಡುಗೆಯಲ್ಲಿ ಏನ್ ಕೊರತೆಯಾಯ್ತಪ್ಪಾ?" ರೋಸೀನಾ ಎದೆ ಹಿಡಿದುಕೊಂಡಳು.

"ಇದು ಅತಿಥಿಗೆ ಕೊಡೋದಲ್ವಾ, ಅಮ್ಮಾ? ಬ್ರೆಮೆನ್‌ನ ಮನೆ ಬಿಟ್ಟು ಬಂದಿದೀನಿ. ಚರ್ಚ್ ಕೆಳಗಿನ ಮರಗೆಲಸದ ಅಂಗಡಿ ಇನ್ಮೇಲೆ ನಂದು." ಅವನು ಬುರ್ಗಿಯತ್ತ ತಿರುಗಿದ, ಕಿವಿಗಳು ಕೆಂಪಾಗಿದ್ದವು. "ಹತ್ತು ವರ್ಷ ಬೆಟ್ಟ ನೋಡೋಕೆ ಬರ್ತೀನಿ ಅಂತ ಸುಳ್ಳು ಹೇಳ್ದೆ. ನಿನ್ನ ನೋಡೋಕೆ ಬರ್ತಿದ್ದೆ. ಬೇಡ ಅಂದ್ರೆ ಹೇಳ್ಬಿಡು, ಪದಕ ಚುಚ್ಚಿಸ್ಕೊಂಡು ಹೋಗ್ತೀನಿ."

ಬುರ್ಗಿ ಅವನ ಅರ್ಧ ತಿಂದ ತಟ್ಟೆಯನ್ನು ಎತ್ತಿಕೊಂಡು ಒಳಗೆ ನಡೆದುಬಿಟ್ಟಳು.

ಹೆನಿಂಗ್‌ನ ಮುಖ ಬಿಳುಚಿತು. ಅವನು ಪದಕಕ್ಕೆ ಕೈ ಚಾಚಿದ.

ರೋಸೀನಾ ಆ ಕೈಗೊಂದು ಏಟು ಕೊಟ್ಟಳು. "ಕಂಬದ ಹಾಗೆ ಏನ್ ನಿಂತಿದೀಯೋ? ನಿನ್ ತಟ್ಟೆ ಎಲ್ಲಿಟ್ಟಿದಾಳೆ ನೋಡು."

ತೆರೆದ ಬಾಗಿಲಾಚೆ, ಒಲೆಯ ಪಕ್ಕದ ಮೂಲೆ ಮೇಜಿನ ಮೇಲೆ, ಬುರ್ಗಿಯ ತಟ್ಟೆಗೆ ಒತ್ತಿಕೊಂಡೇ ಅದು ಕೂತಿತ್ತು.